ಔರಾದಕ್ಕೆ ಹೋದ ಜೆಂಬೆ

ಮೈಲೂರಿನ ನಮ್ಮ ಮನೆಗೆ ಆ ಜೆಂಬೆ ಮೊದಲ ಸಲ ಬಂದಾಗ ನನ್ನ ಹೆಂಡತಿ, "ಖಾರ ಕುಟ್ಟೋ ಒಳ್ಳು ಯಾಕ ತಂದೀರಿ ಅಣ್ಣಾ?" ಎಂದು ನನ್ನ ದೋಸ್ತನನ್ನು ಕೇಳಿದ್ದಳು. ಕೇಳಿದ್ದು ಸರಿಯೇ. ಮೇಲೆ ಅಗಲ, ನಡು ಸಣ್ಣ, ಒಳಗೆ ಪೊಳ್ಳು. ಮರದ ಒರಳಿನ ಬಾಯಿಗೆ ಆಡಿನ ಚರ್ಮ ಬಿಗಿದು, ಸುತ್ತ ಹಗ್ಗ ಜಗ್ಗಿ ಕಟ್ಟಿದಂತಿತ್ತು. ಆಫ್ರಿಕಾದ ಕಡೆಯ ವಾದ್ಯ, ಕೋಲಿಲ್ಲದೆ ಬರಿಗೈಯಲ್ಲಿ ಬಾರಿಸುವುದು. ದೋಸ್ತ ಬೀದರಿನ ಆಸ್ಪತ್ರೆಯಲ್ಲಿ ನರ್ಸ್. ಟ್ರೇನಿಂಗಿಗೆಂದು ಹೈದರಾಬಾದಿಗೆ ಹೋದವನು ಅದನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ.

ನಾನು ಗೌಂಡಿ. ಐದನೆಯ ಇಯತ್ತೆಗೆ ಸಾಲೆ ಬಿಟ್ಟವನು. ನಾನು ಕಟ್ಟಿದ ಗೋಡೆಗೆ ಯಾರಾದರೂ ತೂಕದ ಗುಂಡು ಇಳಿಬಿಟ್ಟು ನೋಡಲಿ, ಕೂದಲೆಳೆಯಷ್ಟೂ ಓರೆ ಸಿಗಲಿಕ್ಕಿಲ್ಲ. ಆದರೆ ಒಂದು ವಿದ್ಯೆ ನನ್ನ ಕೈಗೆ ಹತ್ತಲಿಲ್ಲ. ನಮ್ಮಪ್ಪ ಬಗದಲ ಊರಿನಲ್ಲಿ ಹಲಗೆ ಬಾರಿಸುತ್ತಿದ್ದ. ಅವನ ಪೆಟ್ಟುಗಳೆಲ್ಲ ನನಗೆ ಬಾಯಲ್ಲಿ ಬರುತ್ತವೆ, ಕೈಯಲ್ಲಿ ಬರುವುದಿಲ್ಲ. ನಾನು ಬಾಯಲ್ಲಿ ಹೇಳಿದ್ದನ್ನು ದೋಸ್ತ ಜೆಂಬೆಯ ಮೇಲೆ ಇಳಿಸಿಬಿಟ್ಟ. ಭಾನುವಾರ ಚರ್ಚಿನಲ್ಲಿ ಅವನು ಬಾರಿಸುವುದು, ನಾನು ಹಾಡುವುದು. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಆ ಪೆಟ್ಟು ಬಿದ್ದರೆ ಮಾತ್ರ ಅವನು ಹಿಂದಿನ ಬೆಂಚಿನಲ್ಲಿ ಕೂತು ಕೆಮ್ಮಿದಂತಾಗುತ್ತಿತ್ತು.

ಕೆಡಿಸಿದ್ದು ನಾನೇ. ಬಗದಲದಲ್ಲಿ ಒಂದು ಮದುವೆಗೆ ಹಾಡಲು ಹೋಗಿದ್ದೆವು. ಮುಂಜಾನೆಯ ಮಂಜಿಗೆ ಚರ್ಮ ಮೆತ್ತಗಾಗಿ ಧ್ವನಿ ಏಳುತ್ತಿರಲಿಲ್ಲ. ದೋಸ್ತ ಚಹಾ ಕುಡಿಯಲು ಹೋದಾಗ, ಅಪ್ಪ ಹಲಗೆಗೆ ಮಾಡುತ್ತಿದ್ದಂತೆಯೇ ನಾನು ಜೋಳದ ಒಣ ಕಣಿಕೆಗೆ ಬೆಂಕಿ ಹಚ್ಚಿ, ಜೆಂಬೆಯ ಬಾಯನ್ನು ಅದರ ಮೇಲೆ ಹಿಡಿದೆ. ಹಲಗೆಯನ್ನು ಕಾಯಿಸಿದಷ್ಟೂ ಅದು ಕೂಗುತ್ತದೆ. ಇದು ಮೊದಲೇ ಹಗ್ಗದಿಂದ ಜಗ್ಗಿ ಕಟ್ಟಿದ ಚರ್ಮ, ಇನ್ನಷ್ಟು ಬಿಗಿಯಲು ಅದಕ್ಕೆ ಜಾಗವೆಲ್ಲಿ? ಫಟ್ ಎಂದು ನಟ್ಟನಡುವೆ ಸೀಳಿತು.

"ಏನ್ ಮಾಡ್ದ್ಯೋ?" ಎಂದು ದೋಸ್ತ ಓಡಿ ಬಂದ.

"ಕಾಸ್ದೆ. ಕಾಸಬಾರ್ದಂತ ನೀ ಹೇಳಿದ್ದೇನು?"

"ನೀ ಕೇಳಿದ್ದೇನು? ಸಾಲಿ ಬಿಟ್ಟಾಂವನ ಕೈಯಾಗ ಕೊಟ್ರ ಹಿಂಗೇ!"

ಮದುವೆಯ ಮಂದಿ ನಕ್ಕರು. ತಪ್ಪಾಯಿತು ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು, ಆ ನಗೆಗೆ ಒಳಗೇ ಉಳಿಯಿತು. ದೋಸ್ತ ಜೆಂಬೆಯನ್ನು ಅಲ್ಲೇ ಬಿಟ್ಟು ನಡೆದ. ತಿಂಗಳೊಳಗೆ ಅವನಿಗೆ ಔರಾದಕ್ಕೆ ವರ್ಗವಾಯಿತು. ಹೇಳಿ ಹೋಗಲಿಲ್ಲ, ನಾನೂ ಕೇಳಲಿಲ್ಲ.

ಎರಡು ವರ್ಷ ಜೆಂಬೆ ನಮ್ಮ ಕಪಾಟಿನ ಮೇಲೆ ಬಾಯಿ ಹರಿದುಕೊಂಡು ಕೂತಿತ್ತು. ಚರ್ಚಿನಲ್ಲಿ ಚಪ್ಪಾಳೆಗೆ ಹಾಡಿದೆ. ಹಾಡು ಮುಂದೆ ಮುಂದೆ ಓಡುತ್ತಿತ್ತು, ಹಿಡಿದು ನಿಲ್ಲಿಸುವ ಕೈ ಇರಲಿಲ್ಲ.

ಭಾಲ್ಕಿಯಲ್ಲಿ ನಮ್ಮ ಅಕ್ಕನ ಮನೆಗೆ ಹೋದಾಗ, ಓಣಿಯ ಕಸಾಯಿಯ ಅಂಗಡಿಯೆದುರು ಆಡಿನ ಚರ್ಮ ಒಣಗಲು ಹಾಕಿದ್ದು ಕಂಡಿತು. ತೆಳ್ಳನೆಯದು ಒಂದು ಆರಿಸಿ ತಂದೆ. ನೆನೆಸಿ, ಕೂದಲು ಹೆರೆದೆ. ಸ್ಲ್ಯಾಬಿಗೆ ಹಾಕುವ ಕಬ್ಬಿಣದ ಸಳಿ ಬಗ್ಗಿಸಿ ಬಳೆ ಮಾಡಿದೆ. ಎರಡು ಬಳೆಗಳ ನಡುವೆ ಚರ್ಮ ಸಿಕ್ಕಿಸಿ, ಹಗ್ಗವನ್ನು ಪೈಪಿಗೆ ಸುತ್ತಿ, ಕಾಲು ಕೊಟ್ಟು ಜಗ್ಗಿದೆ. ಈ ಸಲ ಬೆಂಕಿಯ ಮಾತೇ ಇಲ್ಲ. ಆರು ದಿನ ನೆರಳಲ್ಲಿಟ್ಟೆ.

"ಒಮ್ಮಿ ಬಾರ್ಸಿ ನೋಡ್ರಲ್ಲ" ಎಂದಳು ಹೆಂಡತಿ.

"ಮೊದಲ ಪೆಟ್ಟು ಅವಂದು" ಎಂದೆ.

ಅದನ್ನು ತೊಡೆಯ ಮೇಲಿಟ್ಟುಕೊಂಡು ಔರಾದದ ಬಸ್ಸಿನಲ್ಲಿ ಕೂತೆ. "ಕಾಕಾ, ಹಂಡೆ ಒಯ್ದು ಯಾರ ಮನ್ಯಾಗ ಜಳಕ ಮಾಡ್ತೀರಿ?" ಎಂದ ಕಂಡಕ್ಟರ್. ನನಗೆ ನಗಲು ಆಗಲಿಲ್ಲ. ದೋಸ್ತ ಬಾಗಿಲು ತೆರೆಯದಿದ್ದರೆ ಏನು ಎನ್ನುವುದೊಂದೇ ತಲೆಯಲ್ಲಿತ್ತು.

ತೆರೆದ. ನನ್ನ ಮುಖ ನೋಡಲಿಲ್ಲ, ಜೆಂಬೆ ನೋಡಿದ. ಹಗ್ಗದ ಮೇಲೆ ಬೆರಳಾಡಿಸಿದ.

"ಯಾರ್ ಕಟ್ಯಾರೋ ಇದನ್ನ?"

"ಸಾಲಿ ಬಿಟ್ಟಾಂವ."

ಅವನು ತಲೆ ಬಗ್ಗಿಸಿದ. ಸ್ಟೂಲ್ ಎಳೆದು ಕೂತು, ಅಪ್ಪನ ಪೆಟ್ಟು ಹಾಕಿದ. ನಾನು ಹಾಡಿದೆ. ಹೊಸ ಚರ್ಮಕ್ಕೆ ಕಂಠ ತುಸು ದಪ್ಪವಿತ್ತು, ಆದರೂ ಅದೇ. ಅವನ ಹೆಂಡತಿ ತಂದಿಟ್ಟ ಚಹಾ ಕೆನೆಗಟ್ಟಿತು.

ಹೊರಡುವಾಗ ದೋಸ್ತ, "ಇಲ್ಲಿ ನಮ್ಮ ಚರ್ಚಿನಾಗ ಏನೂ ಇಲ್ಲೋ. ಇಲ್ಲೇ ಇರ್ಲೇನು?" ಎಂದ.

ದೋಸ್ತ, ಜೆಂಬೆ ಇಬ್ಬರೂ ಭಾನುವಾರಕ್ಕಾದರೂ ಮತ್ತೆ ಮೈಲೂರಿಗೆ ಬರುತ್ತಾರೆಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಯಲ್ಲಿ ಬಂದದ್ದು, "ನಿಂದೇ ಅದ, ನನ್ನ ಏನ್ ಕೇಳ್ತಿ?"

"ಸಡಿಲಾದ್ರ ಫೋನ್ ಮಾಡ್ತೇನಿ. ನೀನೇ ಬಂದು ಜಗ್ಗಬೇಕು ನೋಡು."

"ನಾ ಕಟ್ಟಿದ್ದು ಸಡಿಲಾಗಂಗಿಲ್ಲ" ಎಂದೆ. ಹೆಮ್ಮೆಯಿಂದಲೇ ಎಂದೆ.

ಅದಾಗಿ ಒಂದೂವರೆ ವರ್ಷ. ಸಡಿಲಾಗಿದೆ, ಬಾ ಎಂಬ ಫೋನ್ ಇನ್ನೂ ಬಂದಿಲ್ಲ. ಭಾನುವಾರ ಚರ್ಚು ಬಿಟ್ಟಮೇಲೆ ಕೆಲವು ಸಲ ನಾನೇ ಫೋನ್ ಮಾಡಿ, ಜೆಂಬೆ ಹ್ಯಾಂಗದ ಎಂದು ಕೇಳುತ್ತೇನೆ.

"ಭಾರಿ ಅದ ದೋಸ್ತ! ಒಂದು ಹಗ್ಗಾನೂ ಜರುಗಿಲ್ಲ" ಎನ್ನುತ್ತಾನೆ ಅವನು, ನನಗೆ ಖುಷಿಯಾಗಲೆಂದು.

"ಹೌದೇನು, ಛಲೋ ಆತು" ಎಂದು ಫೋನ್ ಇಡುತ್ತೇನೆ.