ಏಳದ ಗೆರೆ

ಇಪ್ಪತ್ತಾರು ವರ್ಷ ಕಂಡವರ ಗದ್ದಕ್ಕೆ ಹೊಡೆದೇ ಹೊಟ್ಟೆ ಹೊರೆದುಕೊಂಡವಳು ನಮ್ಮ ಸುತ್ತಿಗೆಯಮ್ಮ. ಆಸ್ಪತ್ರೆಯ ನರಪರೀಕ್ಷೆ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಪರದೆ, ಒಂದು ರಬ್ಬರು ಸುತ್ತಿಗೆ, ಬೆಳಗಿನಿಂದ ಸಂಜೆವರೆಗೆ ಅದೇ ಮಾತು: “ಬಾಯಿ ಸಡಿಲ ಬಿಡಿ.” ಗದ್ದಕ್ಕೆ ಮೆಲ್ಲಗೆ ತಟ್ಟಿದರೆ ದವಡೆಯ ಸ್ನಾಯು ತಾನಾಗಿ ಸೆಟೆಯಬೇಕು, ಪರದೆಯ ಮೇಲೆ ಗೆರೆ ಏಳಬೇಕು. ಏಳದಿದ್ದರೆ ಗೋಡೆಗೆ ಅಂಟಿಸಿದ ಸರಿ ಅಳತೆಗಳ ಪಟ್ಟಿ ನೋಡಿ ‘ದೋಷ’ ಎಂದು ಬರೆಯುವುದು. ಆ ಪಟ್ಟಿ ಎಲ್ಲಿಂದ ಬಂತೆಂದು ಕೇಳಲು ಪುರುಸೊತ್ತು ಯಾರಿಗಿತ್ತು?

ಹೊಸ ಡಾಕ್ಟರಮ್ಮ ಕೇಳಿದಳು. ಪಟ್ಟಿಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ: ಅಳತೆ ತೆಗೆದದ್ದು ಇಪ್ಪತ್ತು ವಿದ್ಯಾರ್ಥಿಗಳಿಂದ, ಎಲ್ಲ ಗಂಡು ಹುಡುಗರು.

“ಅರವತ್ತು ದಾಟಿದ ಆರೋಗ್ಯವಂತ ಹೆಂಗಸರದ್ದು ಎಷ್ಟು ಅಳೆದಿದ್ದೀರಿ?”

“ಆರೋಗ್ಯ ಇದ್ದವರು ಇಲ್ಲಿಗ್ಯಾಕೆ ಬರ್ತಾರಮ್ಮ?”

ಅಂದದ್ದೇನೋ ಅಂದಳು ಸುತ್ತಿಗೆಯಮ್ಮ, ಆದರೆ ಹೋದ ತಿಂಗಳ ದರ್ಜಿ ಅಜ್ಜಿ ನೆನಪಾದಳು. ಕೆನ್ನೆ ಜುಮ್ಮೆನ್ನುತ್ತದೆ ಎಂದು ಬಂದಿದ್ದ ಅರವತ್ತೆಂಟರ ಮುದುಕಿ. ಗೆರೆ ಏಳಲಿಲ್ಲ. ‘ದೋಷ’ ಎಂದು ಬರೆದದ್ದು ಸಾಲದೆ, “ಮೆದುಳಿನ ನರ ಅಜ್ಜಿ, ಹುಷಾರು” ಎಂದೂ ನಾಲಿಗೆ ಹರಿಬಿಟ್ಟಿದ್ದಳು.

ಅಳೆಯಲು ಆರೋಗ್ಯವಂತ ಮುದುಕಿ ಯಾರೂ ಸಿಗದೆ ಸುತ್ತಿಗೆಯಮ್ಮ ಸ್ವಂತ ಅಕ್ಕನನ್ನೇ ಕರೆತಂದಳು. ಎಪ್ಪತ್ತಾದರೂ ಹಲ್ಲೊಂದು ಅಲುಗಿಲ್ಲ, ಬಾಯಿಗಂತೂ ಬೀಗವೇ ಇಲ್ಲ.

“ಹೊಡಿಯೇ, ಚಿಕ್ಕಂದಿನ ಸೇಡೆಲ್ಲ ತೀರಿಸ್ಕೊ” ಎಂದಳು ಅಕ್ಕ.

ಹತ್ತು ಸಲ ತಟ್ಟಿದರೂ ಗೆರೆ ಮಲಗಿದಲ್ಲೇ ಮಲಗಿತ್ತು. ಸುತ್ತಿಗೆಯಮ್ಮ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಅವಳು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದಳು.

“ಏನೂ ಆಗಿಲ್ಲ. ವಯಸ್ಸಾದ ಮೇಲೆ ಕೆಲವರಲ್ಲಿ ಈ ಗೆರೆ ಏಳೋದೇ ಇಲ್ಲ. ಹೆಂಗಸರ ಲೆಕ್ಕವೂ ಬೇರೆ ಇರಬಹುದು. ಇದೊಂದನ್ನೇ ನೋಡಿ ದೋಷ ಅನ್ನೋಕಾಗಲ್ಲ.”

ಅಕ್ಕನಿಗೇನೂ ಇಲ್ಲವೆಂದು ಖುಷಿಪಡುವ ತ್ರಾಣವೂ ಸುತ್ತಿಗೆಯಮ್ಮನಿಗೆ ಉಳಿದಿರಲಿಲ್ಲ. ಇಪ್ಪತ್ತಾರು ವರ್ಷದ ಸುಸ್ತು ಒಮ್ಮೆಗೇ ಮೈಗೆ ಹತ್ತಿತು. ಕಡತ ತೆಗೆದು ದರ್ಜಿ ಅಜ್ಜಿಗೆ ಫೋನ್ ಹಚ್ಚಿದಳು.

“ಅಜ್ಜಿ, ಹೊಲಿಗೆ ನಡೀತಿದೆಯಾ?”

“ಮಷೀನು ಆ ವಾರವೇ ಮಾರಿಬಿಟ್ಟೆನಮ್ಮ. ಯಾವಾಗ ಬಿದ್ದುಹೋಗ್ತೀನೋ, ಸೂಜಿ ಮುಂದೆ ಯಾಕೆ ಕೂತ್ಕೋಬೇಕು?”

“ಡಾಕ್ಟರಿಗೆ ತೋರಿಸ್ಲಿಲ್ವಾ?”

“ಇಷ್ಟು ವರ್ಷದಿಂದ ನೋಡ್ತಿರೋರು ನೀವೇ ಹೇಳಿದ ಮೇಲೆ ಇನ್ನೇನು ತೋರಿಸೋದು?”

“ನಾನು ದೋಷ ಅಂದದ್ದು ತಪ್ಪು, ಅಜ್ಜಿ. ನಾಳೆ ಬನ್ನಿ, ಡಾಕ್ಟರಮ್ಮ ಸರಿಯಾಗಿ ನೋಡ್ತಾರೆ. ಹೆದರಬೇಡಿ.”

“ಹಾಗಾದ್ರೆ,” ಎಂದಳು ಅಜ್ಜಿ, “ನನ್ನ ಮಷೀನು?”