ಶಬನಾ ಮಾಡಿಸಿದ ಕೊಲಂಬೊ ಟಿಕೆಟ್

ಚಿತ್ರದುರ್ಗದ ಸಂತೆಪೇಟೆಯ ಹತ್ತಿರದ ಒಂದು ಗಲ್ಲಿಯಲ್ಲಿ ಶಬನಾ ಅವರ ಟಿಕೆಟ್ ಅಂಗಡಿ ಇದೆ. ಇಬ್ಬರು ಎದುರುಬದುರು ಕೂತರೆ ಮೂರನೆಯವರು ಹೊಸಿಲ ಮೇಲೆ ನಿಲ್ಲಬೇಕು, ಅಷ್ಟೇ ಜಾಗ. ಮೊದಲು ಅದು ಟ್ರಂಕಿನ ಅಂಗಡಿಯಾಗಿತ್ತು. ಶಬನಾ ಅವರ ತಂದೆ ದಾವೂದ್ ಸಾಹೇಬರು ತಗಡು ಬಡಿದು ಟ್ರಂಕು ಮಾಡುತ್ತಿದ್ದರು. ಹಾಸ್ಟೆಲಿಗೆ ಹೊರಟ ಹುಡುಗರು, ಮಿಲಿಟರಿಗೆ ಸೇರಿದವರು, ಮದುವೆಯಾಗಿ ಹೊರಟ ಹೆಣ್ಣುಮಕ್ಕಳು ಎಲ್ಲರೂ ಅವರಲ್ಲಿಗೇ ಬರುತ್ತಿದ್ದರು. ಟ್ರಂಕು ಕೊಂಡವರು ಹೋಗುವಾಗ, "ಸಾಬ್ರೆ, ಪುಣೆಗೆ ರೈಲು ಎಷ್ಟೊತ್ತಿಗೈತೆ?" ಎಂದು ಕೇಳುವರು. ದಾವೂದ್ ಸಾಹೇಬರು ತಿಳಿದುಕೊಂಡು ಹೇಳುವರು. ಆಮೇಲೆ ದಾವಣಗೆರೆಗೆ ಹೋಗಿ, ಸಾಲಿನಲ್ಲಿ ನಿಂತು, ರಿಸರ್ವೇಶನ್ ಮಾಡಿಸಿ ತಂದುಕೊಡುವುದಕ್ಕೂ ಶುರುಮಾಡಿದರು. ಸೂಟ್‌ಕೇಸ್ ಬಂದು ಟ್ರಂಕಿನ ಕಾಲ ಮುಗಿಯಿತು. ಟಿಕೆಟ್ ಉಳಿಯಿತು.

ಶಬನಾ ಪಿಯುಸಿ ಮುಗಿಸಿದ ವರ್ಷ ತಂದೆಯ ಕಣ್ಣು ಮಂಜಾಯಿತು. ರಿಸರ್ವೇಶನ್ ಫಾರಂ ತುಂಬುವ ಕೆಲಸ ಮಗಳ ಪಾಲಿಗೆ ಬಂತು. ಅಕ್ಷರ ಅಚ್ಚುಕಟ್ಟು, ತಾಳ್ಮೆ ಹೆಚ್ಚು. ಜನರ ಹೆಸರಿನ ಬಗ್ಗೆ ಅವರಿಗೆ ಎಲ್ಲಿಲ್ಲದ ಎಚ್ಚರ. ಹಾಲಸ್ವಾಮಿ ಎನ್ನುವುದನ್ನು ಒಬ್ಬರು ಒಂದೇ ಪದವಾಗಿ ಬರೆಸಿರುತ್ತಾರೆ, ಇನ್ನೊಬ್ಬರು ಎರಡು ಮಾಡಿರುತ್ತಾರೆ. ಒಬ್ಬರ ಇನಿಷಿಯಲ್ ಮುಂದೆ, ಇನ್ನೊಬ್ಬರದು ಹಿಂದೆ. ಗುರುತಿನ ಚೀಟಿ ಕಣ್ಣಾರೆ ನೋಡದೆ ಶಬನಾ ಒಂದಕ್ಷರ ಬರೆಯುತ್ತಿರಲಿಲ್ಲ. "ಅಯ್ಯೋ, ನನ್ನ ಹೆಸ್ರು ನಂಗೆ ಗೊತ್ತಿಲ್ವೇನಮ್ಮ?" ಎಂದು ರೇಗಿದವರೂ ಇದ್ದರು. ರೇಗಿದರೂ ಚೀಟಿ ತೋರಿಸಲೇಬೇಕಿತ್ತು.

ಮದುವೆಯಾಗಿ, ಎರಡು ಮಕ್ಕಳಾಗಿ, ತಂದೆ ಅಂಗಡಿಗೆ ಬರುವುದನ್ನು ನಿಲ್ಲಿಸಿದ ಮೇಲೆ ಶಬನಾ ಒಬ್ಬರೇ ನಡೆಸಿದರು. ಕಂಪ್ಯೂಟರ್ ಬಂತು, ಕಲಿತರು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಟಿಕೆಟ್ ತೆಗೆಯುವುದು ಅದರಲ್ಲೇ ಆಯಿತು. ಅಂಗಡಿಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಫೋನು ಬಾರದವರು, ಇಲ್ಲವೇ ಫೋನಿನಲ್ಲಿ ತಪ್ಪು ಮಾಡಿಕೊಂಡವರು ಮಾತ್ರ ಬರುವಂತಾಯಿತು. ಲಾರಿಗಳಿಗೆ ಬಣ್ಣ ಬರೆಯುವ ಗಂಡ ಮುಝಫರ್, "ಜೆರಾಕ್ಸ್ ಮೆಷಿನ್ ಒಂದು ಇಡು" ಎಂದರು. ಇಟ್ಟರು. ಅದು ಅಂಗಡಿಯ ಕಾಲು ಭಾಗವನ್ನೇ ನುಂಗಿತು. ಆದರೂ ತಿಂಗಳ ಬಾಡಿಗೆ ಹುಟ್ಟುತ್ತಿತ್ತು.

ಹೋದ ವರ್ಷ ಜನವರಿಯಲ್ಲಿ ಒಂದು ಬೆಳಗ್ಗೆ ಚಿಕ್ಕಜಾಜೂರಿನಿಂದ ಪಂಚಾಕ್ಷರಪ್ಪ ಎಂಬ ಹಿರಿಯರು ಬಂದರು. ಹಣೆಯಲ್ಲಿ ವಿಭೂತಿ, ಬಿಳಿ ಅಂಗಿ, ಅಗಲವಾದ ಅಂಗೈ. ರೈಲ್ವೆಯಲ್ಲಿ ಹಳಿ, ಸಿಗ್ನಲ್ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ಮೂವತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತರಾದವರು.

"ಕುಂತ್ಕಳ್ರಿ ಅಣ್ಣಾರೆ. ಎಲ್ಲಿಗೆ?" ಎಂದರು ಶಬನಾ.

"ಕೊಲಂಬೊಗೆ. ನಂಗೂ ನಮ್ಮನೆಯವ್ಳಿಗೂ. ವಿಮಾನದಾಗೆ."

"ಆಗ್ಲಿ. ಪಾಸ್‌ಪೋರ್ಟ್ ಐತಾ?"

"ಐತೆ. ಆದ್ರೆ ದುಡ್ಡು ರೂಪಾಯ್ನಾಗಿಲ್ಲ ಕಣಮ್ಮ." ಪಂಚಾಕ್ಷರಪ್ಪ ಫೋನು ತೆಗೆದು ಮೇಜಿನ ಮೇಲಿಟ್ಟರು. "ಕ್ರಿಪ್ಟೊ ಅಂತಾರಲ್ಲ, ಅದ್ರಾಗೈತೆ."

ಶಬನಾ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು. ಕ್ರಿಪ್ಟೊ ಹೆಸರು ಹೇಳಿ, ಹಾಕಿದ್ದಕ್ಕೆ ಎರಡರಷ್ಟು ಕೊಡುತ್ತೇವೆಂದು ಜನರನ್ನು ಮುಳುಗಿಸಿದ ಸುದ್ದಿಯನ್ನು ಅವರು ಪೇಪರಿನಲ್ಲಿ ಎಷ್ಟೋ ಸಲ ಓದಿದ್ದರು. "ಅಣ್ಣಾರೆ, ಯಾರಾದ್ರೂ ನಿಮ್ಗೆ ಟೋಪಿ ಹಾಕಿದಾರೇನು?" ಎಂದು ನೇರವಾಗಿಯೇ ಕೇಳಿದರು.

ಪಂಚಾಕ್ಷರಪ್ಪ ನಕ್ಕು, ಇದ್ದದ್ದನ್ನು ಹೇಳಿದರು. ಮೊದಲೆಲ್ಲ ರೈಲಿಗೆ ದಾರಿ ಬಿಡುತ್ತಿದ್ದುದು ಕೈಮರ. ಕಂಬದ ತುದಿಯ ಕೆಂಪು ಕೈ ಇಳಿದರೆ ಗಾಡಿ ಬರಬಹುದು, ಅಡ್ಡ ನಿಂತಿದ್ದರೆ ಬರುವಂತಿಲ್ಲ. ಆ ಕೈಯನ್ನು ಇಳಿಸಲು ದೂರದಲ್ಲಿ ಆಳೆತ್ತರದ ಲಿವರ್ ಎಳೆಯಬೇಕು. ಯಾವ ಗಾಡಿಗೆ ಯಾವ ಲಿವರ್, ಯಾವುದರ ಹಿಂದೆ ಯಾವುದು ಎಂಬುದನ್ನೆಲ್ಲ ಅವರು ನಿವೃತ್ತಿಯಾದ ಮೇಲೆ ಎರಡು ನೋಟ್‌ಬುಕ್ ತುಂಬ ಬರೆದಿಟ್ಟಿದ್ದರು. ಹೊಳಲ್ಕೆರೆಯಲ್ಲಿ ಹೈಸ್ಕೂಲು ಮೇಡಂ ಆಗಿರುವ ಮಗಳು ಬಿಂದು ಅದನ್ನು ಇಂಗ್ಲಿಷಿಗೆ ಮಾಡಿ ರೈಲಿನ ಹುಚ್ಚಿರುವವರ ಒಂದು ಇಂಟರ್ನೆಟ್ ಗುಂಪಿಗೆ ಹಾಕಿದ್ದಳು. ಅದನ್ನು ಪೋಲೆಂಡಿನಲ್ಲಿ ಕಂಪ್ಯೂಟರಿನ ರೈಲಾಟ ತಯಾರಿಸುತ್ತಿದ್ದ ನಾಲ್ಕು ಜನ ಓದಿದರು.

"ಎಂಟು ತಿಂಗ್ಳು ಕೇಳಿದ್ರಮ್ಮ. ಲಿವರ್ ಎಳೆಯೋವಾಗ ಕಾಲು ಎಲ್ಲಿ ಕೊಡ್ತಿದ್ರಿ, ಮಳೇಲಿ ತಂತಿ ಎಷ್ಟು ಬಿಗೀತಿತ್ತು, ಸದ್ದು ಹೆಂಗೆ ಬರ್ತಿತ್ತು. ಸದ್ದು ಬಾಯಾಗೆ ಮಾಡಿ ತೋರ್ಸಿದೀನಿ. ಅದ್ಕೆ ಕೊಟ್ಟಿದ್ದು ಇದು. ಅವ್ರ ಕಂಪ್ನೀಲಿ ಎಲ್ರಿಗೂ ಹಿಂಗೇ ಕೊಡೋದಂತೆ."

"ರೂಪಾಯಿ ಮಾಡಿ ಬ್ಯಾಂಕಿಗೆ ಹಾಕಿಸ್ಕಬೋದಲ್ರಿ?"

"ಹಾಕಿಸ್ಕಬೋದು. ಮನೆಗೆ ಬಂದ್ರೆ ಗೋಡೆಗೆ ಸುಣ್ಣ, ತ್ವಾಟದ ಪಂಪು ಅಂತ ಹೋಗ್ತತೆ. ನಲವತ್ತು ವರ್ಷದಿಂದ ಹಂಗೇ ಹೋಗೈತೆ. ಹೊರದೇಶದ ದೊಡ್ಡ ಟ್ರಾವೆಲ್ ಕಂಪ್ನಿಯೋರು ಈಗ ಇದ್ನೇ ತಗಂಡು ಟಿಕೆಟ್ ಕೊಡ್ತಾರಂತೆ. ಆ ದುಡ್ಡಿಗೆ ಟಿಕೆಟ್ಟೇ ಆಗ್ಬಿಡ್ಲಿ ಅಂತ ನಮ್ಮನೆಯವ್ಳ ಆಸೆ. ಅವ್ಳಿಗೆ ಸಮುದ್ರ ನೋಡ್ಬೇಕು. ನಂಗೆ, ಅಲ್ಲಿ ಬೆಟ್ಟದ ಮ್ಯಾಗ್ಲ ರೈಲಿಗೆ ಇನ್ನೂ ಕೈಮರ ಅದಾವಂತೆ, ಅದು ನೋಡ್ಬೇಕು."

"ಬಿಂದು ಅವ್ರೇ ಮಾಡ್ಬೋದಿತ್ತಲ್ಲ?"

"ಅವ್ಳಿಗೆ ಹೆದ್ರಿಕೆ. ನನ್ನ ಪಾಸ್‌ಪೋರ್ಟ್‌ನಾಗೆ ಒಂದೇ ಹೆಸ್ರು ಐತೆ. ಟಿಕೆಟ್ ಮಾಡೋವಾಗ ಎರಡು ಕೇಳ್ತತೆ."

ಈ ಮಾತಿಗೆ ಶಬನಾ ಮೊದಲ ಸಲ ಮುಂದಕ್ಕೆ ಬಾಗಿದರು. "ಒಂದು ವಾರ ಟೈಮ್ ಕೊಡ್ರಿ" ಎಂದರು.

ಆ ವಾರ ಅವರು ಬೇರೆ ಯಾವ ಹೊಸ ಕೆಲಸವನ್ನೂ ಹಿಡಿಯಲಿಲ್ಲ. ಮೇಲಿನ ಮಹಡಿಯಲ್ಲಿ ತೆರಿಗೆ ಲೆಕ್ಕ ನೋಡುವ ಗುರುರಾಜ್ ಅವರನ್ನು ಕೇಳಿದರು. "ಮಾಡಿದ ಕೆಲ್ಸಕ್ಕೆ ಬಂದಿದ್ದು ಅಂದ್ಮೇಲೆ ಅದು ಆದಾಯ. ಟಿಕೆಟ್ಟಿಗೆ ಕೊಟ್ರೂ ಮಾರಿದಂಗೇ ಲೆಕ್ಕ. ರಿಟರ್ನ್‌ನಾಗೆ ಎರಡೂ ತೋರಿಸ್ಬೇಕು. ತೋರಿಸಿದ್ರೆ ಹೆದ್ರೋದೇನಿಲ್ಲ" ಎಂದು ಅವರು ಹೇಳಿದರು. ಆ ಟ್ರಾವೆಲ್ ಕಂಪನಿಯ ಷರತ್ತುಗಳನ್ನು ಶಬನಾ ಜೆರಾಕ್ಸ್ ಮೆಷಿನ್ನಿನಲ್ಲಿ ತೆಗೆದು, ಕೆಂಪು ಪೆನ್ನಿನಲ್ಲಿ ಗೆರೆ ಹಾಕುತ್ತ ಓದಿದರು. ಕೊಟ್ಟ ಕ್ರಿಪ್ಟೊವನ್ನು ಬ್ಯಾಂಕಿನ ಹಾಗೆ ತಡೆಹಿಡಿಯಲು ಆಗುವುದಿಲ್ಲ. ತೋರಿಸಿದ ದರ ಹದಿನೈದು ನಿಮಿಷ ಮಾತ್ರ. ಆಮೇಲೆ ವಿಮಾನದ ಕಂಪನಿಗೇ ಫೋನು ಮಾಡಿ, ಒಂಟಿ ಹೆಸರಿನವರದನ್ನು ಹೇಗೆ ಬರೆಯಬೇಕೆಂದು ಕೇಳಿದರು. ಎರಡೂ ಜಾಗದಲ್ಲಿ ಅದನ್ನೇ ಬರೆಯಿರಿ ಎಂದರು. ಹಾಗೆಂದವರ ಹೆಸರನ್ನೂ ಶಬನಾ ಗುರುತು ಹಾಕಿಕೊಂಡರು.

ವಾರ ಕಳೆದು ಪಂಚಾಕ್ಷರಪ್ಪ ಮತ್ತೆ ಬಂದಾಗ ಮೊದಲು ಚಿಕ್ಕದೊಂದು ಪರೀಕ್ಷೆ ಮಾಡಿದರು. ಶ್ರೀಲಂಕಾದ ನಾನುಓಯ ಎಂಬ ಬೆಟ್ಟದ ಊರಿನಲ್ಲಿ ಒಂದು ದಿನಕ್ಕೆ ರೂಮು. ಪಂಚಾಕ್ಷರಪ್ಪ ತಮ್ಮ ಫೋನಿನಲ್ಲಿ ತಾವೇ ಒತ್ತಿದರು. ಎರಡು ನಿಮಿಷಕ್ಕೆ ರಸೀದಿ ಬಂತು. ಶಬನಾ ನಂಬದೆ ಆ ಹೋಟೆಲಿಗೇ ಫೋನು ಮಾಡಿದರು. ಆ ಕಡೆಯ ಹೆಂಗಸು ಪಂಚಾಕ್ಷರಪ್ಪ ಎಂಬ ಹೆಸರನ್ನು ಒದ್ದಾಡಿಕೊಂಡು ಓದಿ ಹೇಳಿದಾಗ ಅಂಗಡಿಯಲ್ಲಿ ಇಬ್ಬರೂ ನಕ್ಕರು.

ವಿಮಾನದ ಟಿಕೆಟ್ ಮಾತ್ರ ಕೈಕೊಟ್ಟಿತು. ಅದೇ ಮಧ್ಯಾಹ್ನ ಶಬನಾ ಎಷ್ಟು ಕಳಿಸಬೇಕೆಂದು ಓದಿ ಹೇಳಿದರು, ಪಂಚಾಕ್ಷರಪ್ಪ ಅಷ್ಟನ್ನೇ ಒತ್ತಿ ಕಳಿಸಿದರು. ಪರದೆಯ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬಂತು. ಬಸ್ಸಿಗೆ ಹೊತ್ತಾಯಿತೆಂದು ಅವರು ಹೊರಟುಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ ಶಬನಾ ನೋಡಿದರೆ, ಹಣ ಪೂರ್ತಿ ಬಂದಿಲ್ಲ, ಬುಕಿಂಗ್ ರದ್ದಾಗಿದೆ ಎಂದಿತ್ತು. ಕಳಿಸುವ ಖರ್ಚು ಎಂದು ಒಂದಿಷ್ಟು ಮಧ್ಯದಲ್ಲೇ ಮುರಿದುಹೋಗಿತ್ತು. ರೂಪಾಯಿ ಲೆಕ್ಕದಲ್ಲಿ ನೂರರ ಒಳಗೆ. ಅಷ್ಟು ಕಡಿಮೆಯಾದದ್ದಕ್ಕೆ ಟಿಕೆಟ್ಟೂ ಇಲ್ಲ, ದುಡ್ಡೂ ಆ ಕಡೆ. ರೂಮಿಗೆ ಕಳಿಸುವಾಗ ಆ ಖರ್ಚು ಫೋನಿನಲ್ಲೇ ಮೇಲೆ ಸೇರಿತ್ತು. ಈ ಸಲವೂ ಹಾಗೇ ಆಗುತ್ತದೆಂದು ಶಬನಾ ನಂಬಿದ್ದರು.

ಫೋನಿನಲ್ಲಿ ಹೇಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮರುದಿನ ಬೆಳಗ್ಗೆ ಅಂಗಡಿಗೆ ಬೀಗ ಹಾಕಿ ಹೊಳಲ್ಕೆರೆಯ ಬಸ್ಸು ಹತ್ತಿದರು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಚಿಕ್ಕಜಾಜೂರಿಗೆ ಹೋದರು. ಹಳಿಯ ಪಕ್ಕದ ಮನೆ. ಪಂಚಾಕ್ಷರಪ್ಪನವರ ಹೆಂಡತಿ ಅನ್ನಪೂರ್ಣಮ್ಮ, "ಬರ್ರಿ ಬರ್ರಿ, ಒಳಗೆ ಬರ್ರಿ" ಎಂದು ಕರೆದು, ಮಂಡಕ್ಕಿ ಒಗ್ಗರಣೆ ತಟ್ಟೆಗೆ ಹಾಕಿ ತಂದಿಟ್ಟರು. ಶಬನಾ ಅದನ್ನು ಮುಟ್ಟಲಿಲ್ಲ.

"ಅಕ್ಕಾರೆ, ಮೊದ್ಲು ನನ್ನ ಮಾತು ಕೇಳ್ರಿ" ಎಂದು ನಡೆದದ್ದನ್ನೆಲ್ಲ ಹೇಳಿದರು. "ಖರ್ಚು ಸೇರ್ಸಿ ಕಳ್ಸಿ ಅಂತ ನಾನು ಹೇಳ್ಬೇಕಿತ್ತು. ತಪ್ಪು ನಂದು. ವಾಪಸ್ ತರ್ಸಾಕೆ ನೋಡ್ತೀನಿ. ಬರ್ಲಿಲ್ಲ ಅಂದ್ರೆ ನಾನೇ ಕೊಡ್ತೀನಿ, ಸ್ವಲ್ಪ ಸ್ವಲ್ಪ."

ಅನ್ನಪೂರ್ಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಪಂಚಾಕ್ಷರಪ್ಪನವರೇ ಮಾತಾಡಿದರು.

"ಗಾಡಿ ಏನೂ ಬಿದ್ದಿಲ್ಲ ಕಣಮ್ಮ. ಔಟರ್‌ನಾಗೆ ನಿಂತೈತೆ ಅಷ್ಟೆ, ಸಿಗ್ನಲ್ ಬಿದ್ರೆ ಸ್ಟೇಷನ್ನಿಗೆ ಬರ್ತತೆ. ನಾನೂ ಒಂದ್ಸಲ ತಪ್ಪು ಲಿವರ್ ಎಳ್ದಿದ್ದೆ. ಗೂಡ್ಸ್ ಗಾಡಿ ಬ್ಯಾರೆ ಲೈನಿಗೆ ಹೋಗಿ ನಿಂತ್ಕಂತು. ಯಾರೂ ನೋಡಿರ್ಲಿಲ್ಲ. ನಾನೇ ಸ್ಟೇಷನ್ ಮಾಸ್ಟರ್ ಹತ್ರ ಹೋಗಿ ಹೇಳ್ದೆ. ಬೈದ್ರು. ಗಾಡಿ ಹಿಂದಕ್ ತಗಂಡು ಸರಿ ಮಾಡಿದ್ರು."

"ತಪ್ಪಾತು ಅಂತ ಹೇಳಾಕೆ ಎರಡು ಬಸ್ ಹತ್ತಿ ಬಂದೋರ್ನ ನಾನು ಇವತ್ತೇ ನೋಡಿದ್ದು" ಎಂದರು ಅನ್ನಪೂರ್ಣಮ್ಮ. "ಮೊದ್ಲು ತಿನ್ರಿ. ಮೆತ್ತಗಾಗ್ತತೆ."

ಶಬನಾ ತಿಂದರು. ಕಣ್ಣಲ್ಲಿ ನೀರು ಬಂದದ್ದಕ್ಕೆ ಹಸಿಮೆಣಸಿನಕಾಯಿಯ ಮೇಲೆ ನೆವ ಹಾಕಿದರು.

ಊರಿಗೆ ಬಂದವರೇ ಪತ್ರ ಬರೆಯಲು ಕೂತರು. ಆ ಕಂಪನಿಗೆ ಕಚೇರಿ ಎಲ್ಲಿದೆಯೋ, ಮಾತಾಡಲು ಮನುಷ್ಯರಿದ್ದಾರೋ ಇಲ್ಲವೋ ತಿಳಿಯದು. ಬರೆದದ್ದಕ್ಕೆಲ್ಲ ಒಂದೇ ಥರದ ಯಂತ್ರದ ಉತ್ತರ. ರದ್ದಾದ ರೈಲುಗಳ ಹಣಕ್ಕಾಗಿ ಇಪ್ಪತ್ತೈದು ವರ್ಷ ಅರ್ಜಿ ಬರೆದ ಕೈ ಅದು, ಸೋಲಲಿಲ್ಲ. ಯಾವ ತಾರೀಕು, ಎಷ್ಟು ಗಂಟೆ, ಎಷ್ಟು ಕಳಿಸಿದ್ದು, ಎಷ್ಟು ಮುಟ್ಟಿದ್ದು, ಯಾವ ಸಂಖ್ಯೆ ಎಂದು ಚಿತ್ರಗಳ ಸಮೇತ ಬೆಳಗ್ಗೆ ಒಂದು, ಸಂಜೆ ಒಂದು ಕಳಿಸಿದರು. ನಾಲ್ಕನೆಯ ದಿನ ನಿಜವಾದ ಮನುಷ್ಯರೊಬ್ಬರು ಉತ್ತರ ಬರೆದರು. ಕ್ಷಮೆ ಕೇಳಿ, ಬಂದಿದ್ದಷ್ಟನ್ನೂ ಪಂಚಾಕ್ಷರಪ್ಪನವರ ಖಾತೆಗೆ ವಾಪಸ್ ಹಾಕಿದ್ದೇವೆ ಎಂದಿದ್ದರು.

ಅಷ್ಟರಲ್ಲಿ ಟಿಕೆಟ್ಟಿನ ದರ ಏರಿತ್ತು. ಶಬನಾ ಹೊರಡುವ ದಿನ ಶುಕ್ರವಾರ ಬಿಟ್ಟು ಮಂಗಳವಾರಕ್ಕೆ ನೋಡಿದರು, ಇಳಿಯಿತು. ಈ ಸಲ ಖರ್ಚನ್ನು ಮೇಲೆ ಸೇರಿಸಿ, ಮೂರು ಸಲ ಓದಿ, "ಈಗ ಒತ್ರಿ" ಎಂದರು. ದಂಪತಿ ಇಬ್ಬರೂ ಎದುರಿಗೇ ಕೂತಿದ್ದರು. ಟಿಕೆಟ್ ಬಂತು. ಪ್ರಿಂಟು ಬಿಸಿಬಿಸಿಯಾಗಿ ಕೈಗೆ ಸಿಕ್ಕಾಗ ಪಂಚಾಕ್ಷರಪ್ಪ ಕನ್ನಡಕ ಏರಿಸಿಕೊಂಡು ಓದಿದರು.

"ಏನಮ್ಮ ಇದು, ಪಂಚಾಕ್ಷರಪ್ಪ ಪಂಚಾಕ್ಷರಪ್ಪ ಅಂತ ಎರಡ್ಸಲ ಕರ್ದಿದಾರೆ!"

"ಒಂದ್ಸಲ ಕರೆದ್ರೆ ನೀವು ಯಾವತ್ತು ಓಗೊಟ್ಟೀರಿ?" ಎಂದರು ಅನ್ನಪೂರ್ಣಮ್ಮ.

ಮಾರ್ಚಿನಲ್ಲಿ ಅವರು ಹೊರಟ ದಿನ ಶಬನಾ ರಂಜಾನಿನ ರೋಜಾ ಉಪವಾಸ ಇದ್ದರು. ಬೆಂಗಳೂರು ವಿಮಾನ ನಿಲ್ದಾಣದಿಂದ, "ಹೆಸ್ರು ಕೇಳಿದ್ರು. ನೀನು ಹೇಳ್ದಂಗೆ ಹೇಳ್ದೆ. ಒಳಗೆ ಬಿಟ್ರು" ಎಂದು ಫೋನು ಬರುವ ತನಕ ಅವರಿಗೆ ಬೇರೆ ಕೆಲಸ ಹತ್ತಲಿಲ್ಲ.

ಐದನೆಯ ದಿನ ಹನ್ನೊಂದು ಗಂಟೆಗೆ ವಿಡಿಯೊ ಕರೆ ಬಂತು. ಜೆರಾಕ್ಸಿಗೆ ಬಂದಿದ್ದ ಚಂದ್ರಕ್ಕ ಎಂಬವರು ಹೊಸಿಲ ಮೇಲಿಂದಲೇ ಕತ್ತು ಚಾಚಿದರು. ಪರದೆಯಲ್ಲಿ ಮಂಜು, ಟೀ ಗಿಡದ ಹಸಿರು ಇಳಿಜಾರು, ಒಂದು ಚಿಕ್ಕ ಸ್ಟೇಷನ್ನು. "ನೋಡು, ನೋಡು" ಎನ್ನುತ್ತಿದ್ದರು ಪಂಚಾಕ್ಷರಪ್ಪ. ಕಂಬದ ಮೇಲಿನ ಕೆಂಪು ಕೈ ಒಂದು ಕ್ಷಣ ಅಲುಗಿ, ಟಕ್ಕನೆ ವಾಲಿತು. ದೂರದಲ್ಲಿ ಸೀಟಿ. "ಸ್ಟೇಷನ್ನೋರು ಒಳಗೆ ಕರ್ಕಂಡೋಗಿದ್ರಮ್ಮ. ಭಾಷೆ ಬರ್ಲಿಲ್ಲ. ಲಿವರ್ ಮ್ಯಾಗೆ ಕೈ ಇಟ್ಟೆ, ಅವ್ರಿಗೆ ಗೊತ್ತಾಗಿಬಿಡ್ತು. ಟೀ ಕೊಟ್ರು."

ಅನ್ನಪೂರ್ಣಮ್ಮ ಫೋನು ಕಿತ್ತುಕೊಂಡರು. "ಇವ್ರದ್ದು ಇರ್ಲಿ ಬಿಡ್ರಿ. ಸಮುದ್ರದ ಪಕ್ಕದಾಗೇ ರೈಲು ಹೋಗ್ತತೆ ಶಬನಮ್ಮ! ಕಿಟಕಿಯಾಗೆ ಕೈ ಹಾಕಿದ್ರೆ ನೀರು ಸಿಗ್ತತೇನೋ ಅನ್ನಂಗೆ. ನೀವು ನೋಡ್ಬೇಕು."

ಆಮೇಲೆ ಇನ್ನೂ ಕೆಲವರು ಇಂಥದೇ ಕೆಲಸ ಹಿಡಿದು ಬಂದರು. ಹೊಸದುರ್ಗದ ಹನುಮಂತರಾಜು ಹೊರದೇಶದ ಕಂಪನಿಯೊಂದಕ್ಕೆ ಚಿತ್ರ ಬರೆದು ಗಳಿಸಿದ್ದ ಕ್ರಿಪ್ಟೊದಲ್ಲಿ ಅಪ್ಪ ಅಮ್ಮನಿಗೆ ಕಾಠ್ಮಂಡು ಟಿಕೆಟ್ ಮಾಡಿಸಿಕೊಂಡ. ಹಿರಿಯೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಎಲ್ಲರನ್ನೂ ಶಬನಾ ಮೊದಲು ಮಹಡಿಗೆ, ಗುರುರಾಜ್ ಅವರ ಹತ್ತಿರ ಕಳಿಸುತ್ತಾರೆ. ಜವನಗೊಂಡನಹಳ್ಳಿ ಕಡೆಯವನೊಬ್ಬ, ಇದು ಎಲ್ಲಿಂದ ಬಂತೆಂದು ಕೇಳಿದರೆ ಬಾಯಿ ಬಿಡಲಿಲ್ಲ. "ಹಂಗಾದ್ರೆ ನನ್ ಹತ್ರ ಆಗಲ್ಲಪ್ಪ" ಎಂದು ಅವನನ್ನು ಕಳಿಸಿಬಿಟ್ಟರು. ದೊಡ್ಡ ಸಂಪಾದನೆಯೇನೂ ಅಲ್ಲ. ರೂಪಾಯಿ ಟಿಕೆಟ್ಟಿಗೆ ತೆಗೆದುಕೊಳ್ಳುವಷ್ಟೇ ಇದಕ್ಕೂ ತೆಗೆದುಕೊಳ್ಳುತ್ತಾರೆ. ಆದರೆ ಅಂಗಡಿ ಇನ್ನೆಷ್ಟು ದಿನವೋ ಎಂಬ ಮಾತು ಅವರ ಬಾಯಲ್ಲಿ ಈಗ ಬರುವುದಿಲ್ಲ.

ಹೋದ ತಿಂಗಳು ಒಂದು ಭಾನುವಾರ ಶಬನಾ ಮನೆಯಲ್ಲಿ ಕೂತು ಎರಡು ಪಾಸ್‌ಪೋರ್ಟ್ ಅರ್ಜಿ ತುಂಬುತ್ತಿದ್ದರು. ಗಂಡ ಮುಝಫರ್ ಕೈಗೆ ಹತ್ತಿದ್ದ ಬಣ್ಣ ಒರೆಸಿಕೊಳ್ಳುತ್ತ ಬಂದು ನೋಡಿದರು. ಒಂದು ಅವರದೇ, ಇನ್ನೊಂದು ಶಬನಾ ಅವರದು.

"ಎಲ್ಲಿಗೆ?" ಎಂದು ಕೇಳಿದರು.

"ಇನ್ನೂ ಗೊತ್ತಿಲ್ಲ" ಎಂದರು ಶಬನಾ, ತಲೆಯೆತ್ತದೆ. "ಇಲ್ಲೊಂದು ಸಹಿ ಹಾಕಿ. ಗೆರೆಯೊಳಗೇ ಇರ್ಲಿ."

ಮುಝಫರ್ ಸಹಿ ಹಾಕಿದರು.