ಬಸಂತರಾಯ ಸರ್ ಕೊಡದ ಪಾಸ್‌ವರ್ಡ್

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಶೈಲಶ್ರೀ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ 2001ರ ಬೇಸಿಗೆಯಲ್ಲಿ ಒಬ್ಬರು ಬಂದು, ಕೂಡ್ರಿ ಅನ್ನುವ ಮೊದಲೇ ಕೂತು, "ನೀ ಹುಡುಗರಿಗೆ ಕಳವು ಮಾಡೂದು ಕಲಸಾಕತ್ತಿ" ಅಂದರು.

ಅವರು ಮುದ್ದೇಬಿಹಾಳದ ಗಣಿತ ಮಾಸ್ತರು ಬಸಂತರಾಯ. ಅವರ ಮಾತು ಸುಳ್ಳಲ್ಲ. ಕ್ಲಾಸಿನ ಎಲ್ಲ ಕಂಪ್ಯೂಟರುಗಳಲ್ಲೂ ಇದ್ದದ್ದು ಕದ್ದ ಸಾಫ್ಟ್‌ವೇರೇ. ಆಗ ಯಾರ ಹತ್ತಿರ ಇರಲಿಲ್ಲ? ಅವರು ಚೀಲದಿಂದ ಸೀಡಿ ತೆಗೆದು, ಸಂಜೆಯ ತನಕ ಕೂತು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರು. ಅದರ ಮೇಲೆ ತಾವೇ ಬರೆದ ಕನ್ನಡ ಟೈಪಿಂಗ್ ಪ್ರೋಗ್ರಾಂ 'ಅಕ್ಷರಬುತ್ತಿ'ಯನ್ನೂ ಹಾಕಿಕೊಟ್ಟರು. ಎಷ್ಟು ಕೊಡಬೇಕು ಎಂದು ಕೇಳಿದ್ದಕ್ಕೆ ಸಿಟ್ಟಾದರು.

"ಇದನ್ನ ಯಾರು ಬೇಕಾದವರು ತಗೋಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ಇಷ್ಟು ಬಾಯಿಪಾಠ ಮಾಡು, ಸಾಕು."

ಅಂಥವರನ್ನು ಶೈಲಶ್ರೀ ಅಲ್ಲಿಯವರೆಗೆ ಕಂಡಿರಲಿಲ್ಲ. ಪ್ರೋಗ್ರಾಂ ಬರೆಯುವುದನ್ನು ಅವರೇ ಕಲಿಸಿದರು. ನಿಧಾನಕ್ಕೆ ಒಂದು ಬಳಗ ಕಟ್ಟಿತು. ಇಂಡಿ ತಾಲೂಕಿನ ಅಗರಖೇಡದಿಂದ ಹೈಸ್ಕೂಲ್ ಶಿಕ್ಷಕ ಸಂಜೀವಕುಮಾರ ಬಂದ, ಬಸವನ ಬಾಗೇವಾಡಿಯಿಂದ ಕಾಲೇಜು ಉಪನ್ಯಾಸಕಿ ಮುಮ್ತಾಜ ಬಂದಳು. ಅಕ್ಷರಬುತ್ತಿ ನಾಲ್ಕೂ ತಾಲೂಕಿನ ಶಾಲೆಗಳಿಗೆ ಹೋಯಿತು.

ಜನ ಬಳಸತೊಡಗಿದ ಮೇಲೆ ತಕರಾರೂ ಬಂದವು. 'ಸೂರ್ಯ' ಎಂದು ಹೊಡೆದರೆ ಅರ್ಕಾವತ್ತು ಹೋಗಿ 'ಸೂ' ಪಕ್ಕ ಕೂರುತ್ತಿತ್ತು. ಮುಮ್ತಾಜ ವಾರಗಟ್ಟಲೆ ತಲೆ ಕೆಡಿಸಿಕೊಂಡು ಅದನ್ನು ಸರಿಪಡಿಸಿ ಕಳಿಸಿದಳು. ಬಸಂತರಾಯರು ತೆಗೆದುಕೊಳ್ಳಲಿಲ್ಲ.

"ಪ್ರೋಗ್ರಾಂ ಸರಿ ಐತಿ. ಜನ ಟೈಪ್ ಮಾಡೂದು ತಪ್ಪು ಐತಿ" ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಾಗೇವಾಡಿಯ ಸಭೆಯಲ್ಲಿ ಎಲ್ಲರ ಮುಂದೆ, "ಇದು ಹೆಣ್ಣುಮಕ್ಕಳು ರಂಗೋಲಿ ಕಲಿಯೂ ಜಾಗಾ ಅಲ್ಲ" ಎಂದೂ ಸೇರಿಸಿದರು.

ಮುಮ್ತಾಜ ಎದ್ದು ಹೋದಳು. ಮರುದಿನ ಶೈಲಶ್ರೀ ಆಕೆಯ ಮನೆಗೆ ಹೋಗಿ ಚಹಾ ಕುಡಿದು, "ಸರ್ ಮಾತು ಒರಟು, ಮನಸು ಹಂಗಲ್ಲ" ಎಂದಳು. ಇದೇ ಮಾತನ್ನು ಇನ್ನೂ ಎಷ್ಟು ಮನೆಗಳಲ್ಲಿ ಕೂತು ಹೇಳಬೇಕೋ ಎಂದು ಹೇಳುವಾಗಲೇ ಅವಳಿಗೆ ಬೇಸರ ಬಂತು.

"ನೀವು ಬಂದು ಸಮಾಧಾನ ಮಾಡೂದ್ರಿಂದನ ಅವರು ಬದಲಾಗವಲ್ಲರು, ಅಕ್ಕಾ" ಅಂದಳು ಮುಮ್ತಾಜ.

2004ರಲ್ಲಿ ಬಸಂತರಾಯರು ನಿವೃತ್ತರಾದರು. ಕಣ್ಣಿಗೆ ಆಪರೇಶನ್ನೂ ಆಯಿತು. "ಅಕ್ಷರಬುತ್ತಿ ಇನ್ನು ಮುಂದ ಶೈಲಶ್ರೀನೇ ನೋಡಿಕೋತಾಳ" ಎಂದು ಬಳಗದ ಇ-ಮೇಲ್ ಗುಂಪಿಗೆ ಬರೆದರು. ಎಲ್ಲರೂ ಅಭಿನಂದಿಸಿದರು. ಅವಳು ಮೊದಲು ಮಾಡಿದ್ದು ಮುಮ್ತಾಜಳ ತಿದ್ದುಪಡಿಯನ್ನು ಸೇರಿಸಿದ್ದು. ಮಾರನೆಯ ದಿನ ನೋಡಿದರೆ ಅದು ಅಲ್ಲಿರಲಿಲ್ಲ. ಮತ್ತೆ ಸೇರಿಸಿದಳು, ಮತ್ತೆ ಮಾಯವಾಯಿತು. ಸರ್ವರಿನ ಮುಖ್ಯ ಪಾಸ್‌ವರ್ಡ್ ಬಸಂತರಾಯರ ಹತ್ತಿರವೇ ಇತ್ತು.

ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಹೋದಳು. ಅವರು ಕಪ್ಪು ಕನ್ನಡಕ ಹಾಕಿಕೊಂಡು, ಡಾಕ್ಟರು ಬೇಡವೆಂದಿದ್ದ ಕಂಪ್ಯೂಟರಿನ ಮುಂದೆಯೇ ಕೂತಿದ್ದರು.

"ಸರ್, ನೀವು ಬಿಟ್ಟೀರೋ, ಇಲ್ಲೋ?"

"ಬಿಟ್ಟೇನಿ ಅಂತ ಬರದೇನಲ್ಲ."

"ಹಂಗಾರ ಪಾಸ್‌ವರ್ಡ್ ಕೊಡ್ರಿ."

"ಅದ್ಯಾಕ? ಬೇಕಾದಾಗ ನನ್ನ ಕೇಳು."

ಒಳಗಿಂದ ಅವರ ಹೆಂಡತಿ ಶಂಕ್ರೆವ್ವ ಅವಲಕ್ಕಿ ತಂದಿಟ್ಟು, "ಇವರು ಮಗಳನ್ನ ಮದುವಿ ಮಾಡಿಕೊಟ್ಟಾಗನೂ ಹಿಂಗ ಮಾಡಿದ್ರವ್ವಾ. ದಿನಾ ಬೀಗರ ಮನಿಗಿ ಹೋಗಿ ಸಾರಿಗೆ ಉಪ್ಪು ಸರಿ ಐತೇನಂತ ಕೇಳತಿದ್ರು" ಎಂದರು. ಸರ್ ಮುಖ ತಿರುಗಿಸಿದರು. ಶೈಲಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಂದು ವರ್ಷ ಹೀಗೇ ಎಳೆದಾಡಿದಳು. ಅಷ್ಟರಲ್ಲಿ ಶಾಲೆಗಳು ಒಂದೊಂದಾಗಿ ಹಳೆಯ ಕದ್ದ ಸಾಫ್ಟ್‌ವೇರಿಗೇ ಮರಳಿದವು. ಕೊನೆಗೊಂದು ಭಾನುವಾರ ಮುಮ್ತಾಜ, ಸಂಜೀವಕುಮಾರ ಇಬ್ಬರನ್ನೂ ಕ್ಲಾಸಿಗೆ ಕರೆಸಿದಳು. ಅಕ್ಷರಬುತ್ತಿಯ ಅಷ್ಟೂ ಕೋಡನ್ನು ನಕಲು ಮಾಡಿಕೊಂಡು, ಮುಮ್ತಾಜಳ ತಿದ್ದುಪಡಿ ಹಾಕಿ, ಬೇರೆ ಸರ್ವರಿನಲ್ಲಿ 'ಕಾಗುಣಿತ' ಎಂಬ ಹೆಸರಿನಿಂದ ಬಿಟ್ಟರು. ಬರೆದವರ ಹೆಸರುಗಳಲ್ಲಿ ಬಸಂತರಾಯರದೇ ಮೊದಲು ಇಟ್ಟರು. ಪಾಸ್‌ವರ್ಡ್ ಮೂವರ ಬಳಿಯೂ ಇರಬೇಕು, ಎರಡು ವರ್ಷಕ್ಕೊಮ್ಮೆ ಮುಖ್ಯಸ್ಥರು ಬದಲಾಗಬೇಕು ಎಂದು ಅಂದೇ ಗೊತ್ತು ಮಾಡಿದರು.

ಫೋನು ಬಂದೇ ಬಂತು.

"ಶೈಲಾ, ನೀ ನನ್ನ ಮನಿ ದೋಚಿದಿ."

"ಯಾರು ಬೇಕಾದವರು ತಗೋಬಹುದು, ತಿದ್ದಬಹುದು ಅಂತ ನೀವ ಬಾಯಿಪಾಠ ಮಾಡಿಸಿದ್ರಿ, ಸರ್."

ಆ ಕಡೆ ಫೋನು ಇಟ್ಟ ಸದ್ದು. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎದೆಯಲ್ಲಿ ಕಲ್ಲು ಇಟ್ಟಂತಾಯಿತು. ಆ ಕಲ್ಲಿನ ಮೇಲೂ ಅವಳಿಗೆ ಸಿಟ್ಟು ಬಂತು. ತಪ್ಪು ಅವರದು, ನೋವು ಯಾಕೆ ತನ್ನದು?

ಶಾಲೆಗಳು ತಿರುಗಿ ಬಂದವು. ಕೆಲವು ತಿಂಗಳ ಮೇಲೆ ಕಾಗುಣಿತಕ್ಕೆ ಹೆಸರಿಲ್ಲದವರಿಂದ ಒಂದು ತಿದ್ದುಪಡಿ ಬಂತು. ಒತ್ತಕ್ಷರದಲ್ಲಿ ಮೂವರೂ ಕಾಣದೇ ಹೋಗಿದ್ದ ತಪ್ಪೊಂದನ್ನು ಅದು ಹಿಡಿದಿತ್ತು. ಜೊತೆಗೆ, ಇದನ್ನು ಬರೆದವರಿಗೆ ಕನ್ನಡವೂ ಬರುವುದಿಲ್ಲ, ಗಣಿತವೂ ಬರುವುದಿಲ್ಲ ಎಂಬ ಟಿಪ್ಪಣಿ. ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

"ಏನ್ ಮಾಡೂಣು?" ಎಂದು ಶೈಲಶ್ರೀ ಮುಮ್ತಾಜಳನ್ನೇ ಕೇಳಿದಳು.

"ಬೈಗಳ ತಗದು ಉಳಿದದ್ದು ಹಾಕೇನಿ" ಎಂದಳು ಮುಮ್ತಾಜ.

ತನ್ನ ಎರಡು ವರ್ಷದ ಅವಧಿ ಮುಗಿದಾಗ ಶೈಲಶ್ರೀ ಮುಖ್ಯಸ್ಥಿಕೆಯನ್ನು ಸಂಜೀವಕುಮಾರನಿಗೆ ಕೊಟ್ಟಳು. ಅವನು ಮೊದಲ ವಾರವೇ ಅವಳಿಗೆ ಇಷ್ಟವಾದ ಅಕ್ಷರವಿನ್ಯಾಸವನ್ನು ಬದಲಿಸಿದ. ತಿರುಗಿ ಹಾಕಲು ಅವಳ ಬೆರಳು ತುರಿಸಿತು. ಎದ್ದು ಹೋಗಿ ಕ್ಲಾಸಿನ ಕಸ ಗುಡಿಸಿದಳು. ಆಗ ಮುದ್ದೇಬಿಹಾಳದಿಂದ ಫೋನು ಬಂತು, ವರ್ಷಗಳ ಮೇಲೆ.

"ಆ ಅಗರಖೇಡದವನ ಕೈಯಾಗ ಕೊಟ್ಟಿಯಂತಲ್ಲ? ಎಲ್ಲಾ ಹಾಳ ಮಾಡ್ತಾನ, ನೋಡ್ತಿರು."

"ಮಾಡ್ಲಿ ಬಿಡ್ರಿ, ಸರ್. ಊಟ ಆತೇನ್ರಿ?"

"ಊಟದ ಮಾತು ಬ್ಯಾಡ. ಆ ಅಕ್ಷರ ಯಾಕ ಬದಲ ಮಾಡಿದಾ, ಅದನ್ನ ಹೇಳು" ಎಂದು ಸರ್ ಶುರು ಮಾಡಿದರು. ಶೈಲಶ್ರೀ ರಿಸೀವರನ್ನು ಭುಜಕ್ಕೆ ಒತ್ತಿಕೊಂಡು, ಕುರ್ಚಿ ಎಳೆದು ಕೂತಳು.